ಒಂದೂವರೆ ಕೈ ಕತ್ತಿ: ಕೆಲವು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ಮೊದಲು ತೂಕದ ಮಾತು ಮುಗಿಸಿಬಿಡೋಣ. ಬೇಕೆಂದರೆ ಒಂದು ಕೈ, ಬೇಕೆಂದರೆ ಎರಡು ಕೈ ಹಾಕಿ ಹಿಡಿಯುವ ಈ ಕತ್ತಿ ಯಾರಿಗೆ ತೋರಿಸಿದರೂ ಮೊದಲು ಕೇಳುವುದು ಅದನ್ನೇ. "ಹತ್ತು ಕೆಜಿ ಇರುತ್ತಾ?" ಇಲ್ಲ. ನನ್ನದು 1.45 ಕೆಜಿ. ಮಧ್ಯಯುಗದ ಯೂರೋಪಿನಲ್ಲಿ ಯುದ್ಧಕ್ಕೆ ಒಯ್ಯುತ್ತಿದ್ದ ಅಸಲಿ ಕತ್ತಿಗಳೂ ಹೆಚ್ಚುಕಡಿಮೆ ಇಷ್ಟೇ ಇದ್ದವು. ಬಹುಪಾಲು 1.2 ರಿಂದ 1.6 ಕೆಜಿ ಒಳಗೇ ಬರುತ್ತವೆ. ಸಿನಿಮಾದಲ್ಲಿ ಏದುಸಿರು ಬಿಡುತ್ತ ಎತ್ತುತ್ತಾರಲ್ಲ, ಅದು ಸುಮ್ನೆ ನಾಟಕ. ಸೊಂಟಕ್ಕೆ ಕಟ್ಟಿಕೊಂಡು ಕುದುರೆ ಹತ್ತಿ ಇಳಿಯಬೇಕಾದವನು ಹತ್ತು ಕೆಜಿ ಕಬ್ಬಿಣ ಹೊತ್ತು ತಿರುಗುತ್ತಾನಾ?

ನಾನಿರುವುದು ಜರ್ಮನಿಯ ಎರ್ಲಾಂಗನ್‌ನಲ್ಲಿ. ಹಗಲು ಕಂಪ್ಯೂಟರ್ ಕೆಲಸ. ವಾರದಲ್ಲಿ ಒಂದೆರಡು ಸಂಜೆ ಪಕ್ಕದ ನ್ಯೂರೆಂಬರ್ಗ್‌ಗೆ ಹೋಗಿ ಹಳೇ ಯೂರೋಪಿನ ಕತ್ತಿವರಸೆ ಕಲಿಯುತ್ತೇನೆ. ಸೇರಿದ ಹೊಸದರಲ್ಲಿ ಕ್ಲಬ್ಬಿನ ಕತ್ತಿಗಳನ್ನೇ ಬಳಸುತ್ತಿದ್ದೆ. ಆಮೇಲೆ ಪೂರ್ವ ಯೂರೋಪಿನ ಒಂದು ಸಣ್ಣ ಕುಲುಮೆಯವರಿಗೆ ಹೇಳಿ ನನ್ನದೇ ಒಂದನ್ನು ಮಾಡಿಸಿಕೊಂಡೆ. ಹರಿತ ಇಲ್ಲದ ಅಭ್ಯಾಸದ ಕತ್ತಿ ಇದು. ಇಲ್ಲಿಯವರು ಫೇಡರ್ ಎನ್ನುತ್ತಾರೆ. ಈಗಿನವರು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಸ್ಟ್ರಾಸ್‌ಬರ್ಗ್‌ನ ಕತ್ತಿವರಸೆ ಗುರು ಯೋಆಖಿಮ್ ಮೇಯರ್ 1570ರಲ್ಲಿ ಅಚ್ಚು ಹಾಕಿಸಿದ ಚಿತ್ರಗಳಲ್ಲಿ ಇಂಥದ್ದೇ ಕತ್ತಿ ಕಾಣುತ್ತದೆ. ಸಣಕಲು ಅಲಗು, ಬುಡದಲ್ಲಿ ಮಾತ್ರ ರೆಕ್ಕೆ ಬಿಚ್ಚಿದ ಹಾಗೆ ಅಗಲ.

ಲೆಕ್ಕ ಬೇಕಾದವರಿಗೆ ಹೇಳುತ್ತೇನೆ. ಒಟ್ಟು ಉದ್ದ 130 ಸೆಂ.ಮೀ. ಅದರಲ್ಲಿ ಪಾಮೆಲ್ ಸೇರಿ ಹಿಡಿಯೇ 29 ಸೆಂ.ಮೀ. ಪಾಮೆಲ್ ಅಂದರೆ ಹಿಡಿಯ ಕೊನೆಯಲ್ಲಿರುವ ಲೋಹದ ಗುಂಡು. ಉಕ್ಕು 51ಸಿಆರ್‌ವಿ4, ಲಾರಿಯ ಲೀಫ್ ಸ್ಪ್ರಿಂಗ್‌ಗೆ ಬಳಸುವ ಜಾತಿಯದು. ಬೆರಳ ಮೇಲೆ ಇಟ್ಟು ತೂಗಿದರೆ, ಹಿಡಿಗೂ ಅಲಗಿಗೂ ನಡುವೆ ಕೈ ಕಾಯಲು ಇರುವ ಅಡ್ಡಪಟ್ಟಿಯಿಂದ 8 ಸೆಂ.ಮೀ. ಮುಂದೆ ಸಮ ನಿಲ್ಲುತ್ತದೆ. ಬೆಲೆ ಸುಮಾರು 350 ಯೂರೋ ಆಯಿತು. ಎರಡು ತಿಂಗಳಲ್ಲಿ ಕೊಡುತ್ತೇವೆ ಎಂದವರು ಅದರ ಎರಡು ಪಟ್ಟು ಕಾಯಿಸಿದರು. ನಡುವೆ ಬರೆದ ಮೇಲ್‌ಗಳಿಗೆ ಉತ್ತರ ಇಲ್ಲ. ಅದಕ್ಕೆ ಒಂದು ಸ್ಟಾರ್ ಕಟ್.

ಕೊಳ್ಳುವ ಮುಂಚೆ ಓದಿದ ವಿಮರ್ಶೆಗಳೆಲ್ಲ ಅಲಗಿನ ಬಗ್ಗೆಯೇ ಇದ್ದವು. ಉಕ್ಕು ಯಾವುದು, ಎಷ್ಟು ಬಾಗುತ್ತದೆ, ಅಂಚು ಎಷ್ಟು ದಪ್ಪ. ಹಳೇ ಕತ್ತಿಗಳನ್ನು ವಿಂಗಡಿಸಿದ ಇಂಗ್ಲೆಂಡಿನ ಯೂವರ್ಟ್ ಓಕ್‌ಶಾಟ್ ಕೂಡ ಮುಖ್ಯವಾಗಿ ಅಲಗಿನ ಆಕಾರ ನೋಡಿಯೇ ವರ್ಗ ಮಾಡಿದ್ದು. ಉದ್ದ ಹಿಡಿ, ದೊಡ್ಡ ಅಲಗು ಇದ್ದರೆ ವರ್ಗದ ಸಂಖ್ಯೆಯ ಪಕ್ಕ ಒಂದು 'ಎ' ಸೇರಿಸಿದರು, ಅಷ್ಟೇ. ಆದರೆ ಬಳಸುತ್ತ ಬಳಸುತ್ತ ನನಗೆ ಖಾತ್ರಿಯಾಗಿದ್ದು ಇಷ್ಟು: ಈ ಕತ್ತಿಯ ಗುಣ ಎಲ್ಲ ಇರುವುದು ಅದರ ಹಿಂದಿನ ಒಂದಡಿಯಲ್ಲಿ. ಕೈಗೆ ಒಗ್ಗುತ್ತದೋ ಇಲ್ಲವೋ ಎಂದು ತೀರ್ಮಾನ ಮಾಡುವುದು ಆ 'ಅರ್ಧ' ಕೈ, ಅಂದರೆ ಹಿಂದೆ ಹಿಡಿಯುವ ಎಡಗೈ.

ಹೇಗೆ ಅಂತ ಹೇಳುತ್ತೇನೆ. ಬಲಗೈ ಅಡ್ಡಪಟ್ಟಿಗೆ ತಾಗಿಕೊಂಡು ಇರುತ್ತದೆ. ಎಡಗೈ ಹಿಂದೆ, ಪಾಮೆಲ್ ಹತ್ತಿರ. ಬಲಗೈ ಆಧಾರ, ಎಡಗೈ ಸನ್ನೆಗೋಲಿನ ತುದಿ. ಎಡಗೈ ನಾಲ್ಕು ಬೆರಳಿನಷ್ಟು ಸರಿದರೆ ಅತ್ತ ಮೊನೆ ಒಂದು ಮೊಳ ಸರಿಯುತ್ತದೆ. ತೋಳಿನ ಬಲ ಜಾಸ್ತಿ ಬೇಕಾಗಿಯೇ ಇಲ್ಲ. ಕ್ಲಬ್‌ಗೆ ಬರುವ ಹೊಸಬರಲ್ಲಿ ಜಿಮ್ ಮಾಡಿದ ಹುಡುಗರು ಬಲಗೈಯಿಂದಲೇ ತಳ್ಳುತ್ತಾರೆ. ಹತ್ತು ನಿಮಿಷಕ್ಕೆ ಮುಂದೋಳು ಉರಿಯುತ್ತದೆ. ನಾನು ಗಿಡ್ಡ, ತೋಳೂ ಸಣ್ಣದು. ಎಡಗೈ ನಂಬಿಕೊಂಡಿದ್ದರಿಂದ ಒಂದೂವರೆ ಗಂಟೆ ಆರಾಮಾಗಿ ನಡೆಯುತ್ತದೆ.

ಈ ಉದ್ದ ಹಿಡಿ ಯಾಕೆ ಬಂತು ಅನ್ನುವುದನ್ನೂ ಇದರ ಜೊತೆಗೇ ನೋಡಬೇಕು. 13ನೇ ಶತಮಾನದ ತನಕ ಸಾಮಾನ್ಯ ಕತ್ತಿಗೆ ಒಂದು ಕೈ ಹಿಡಿಯುವಷ್ಟೇ ಹಿಡಿ, ಇನ್ನೊಂದು ಕೈಯಲ್ಲಿ ಗುರಾಣಿ. 14ನೇ ಶತಮಾನದಲ್ಲಿ ಉಕ್ಕಿನ ತಗಡಿನ ಕವಚ ಮೈಮೇಲೆ ಏರುತ್ತ ಹೋಯಿತು. ಮೈಯೇ ಗುರಾಣಿ ಆದ ಮೇಲೆ ಕೈಯಲ್ಲಿ ಬೇರೆ ಯಾಕೆ? ಎಡಗೈ ಬಿಡುವಾಯಿತು. ಆದರೆ ಕುದುರೆ ಮೇಲೆ ಕೂತಾಗ ಲಗಾಮಿಗೆ ಒಂದು ಕೈ ಬೇಕೇ ಬೇಕು. ಹಾಗಾಗಿ ಎರಡು ಕೈಯಲ್ಲೇ ಎತ್ತಬೇಕಾದ ಭಾರದ ಕತ್ತಿ ಆಗುವುದಿಲ್ಲ. ಕುದುರೆ ಮೇಲೆ ಒಂದು ಕೈ, ಇಳಿದು ನಿಂತರೆ ಎರಡು ಕೈ. ಎರಡಕ್ಕೂ ಒದಗುವ ಹಾಗೆ ಮಾಡಿದ ವಸ್ತು ಇದು. ನನ್ನ ಕತ್ತಿಯನ್ನು ಒಂದೇ ಕೈಯಲ್ಲಿ ಬೀಸಿ ನೋಡಿದ್ದೇನೆ. ಆಗುತ್ತದೆ, ಆದರೆ ಬೀಸಿದ ಮೇಲೆ ವಾಪಸ್ ತರುವುದು ಕಷ್ಟ. ಫೇಡರ್‌ಗಳ ಉದ್ದ ಈಗೀಗ ಜಾಸ್ತಿಯಾಗಿರುವುದೂ ಅದಕ್ಕೆ ಕಾರಣ. ಅಸಲಿ ಒಂದೂವರೆ ಕೈ ಕತ್ತಿಗಳು ಹೆಚ್ಚಿನವು 105 ರಿಂದ 125 ಸೆಂ.ಮೀ. ಮಾತ್ರ. ಸ್ಪರ್ಧೆಯಲ್ಲಿ ಒಂದು ಇಂಚು ಮುಂದೆ ಮುಟ್ಟಿದವರಿಗೆ ಲಾಭ ಅಲ್ವಾ, ಹಾಗಾಗಿ ಮಾರುವವರೂ ಬೆಳೆಸುತ್ತ ಹೋಗಿದ್ದಾರೆ.

ಉದ್ದದ ವಿಷಯಕ್ಕೆ ಹಳಬರ ಅಳತೆ ಒಂದಿದೆ. ಪೀಸಾದ ಫಿಲಿಪ್ಪೋ ವಾದಿ 1480ರ ದಶಕದಲ್ಲಿ ಊರ್ಬಿನೋದ ದೊರೆಗೆ ಒಪ್ಪಿಸಿದ ಹಸ್ತಪ್ರತಿಯಲ್ಲಿ ಬರೆದದ್ದು. ಮೊನೆ ನೆಲಕ್ಕೆ ಊರಿ ನಿಲ್ಲಿಸಿದರೆ ಪಾಮೆಲ್ ಕಂಕುಳಿಗೆ ಬರಬೇಕು. ಹಿಡಿ ಒಂದು ಗೇಣು. ಪಾಮೆಲ್ ದುಂಡಗಿರಬೇಕು, ಮುಚ್ಚಿದ ಅಂಗೈಯಲ್ಲಿ ಕೂರುವ ಹಾಗೆ. ನಾನು 160 ಸೆಂ.ಮೀ. ಇದ್ದೇನೆ. ವಾದಿಯ ಲೆಕ್ಕದಲ್ಲಿ ನನಗೆ 120ರ ಕತ್ತಿ ಸಾಕು. ಹತ್ತು ಸೆಂ.ಮೀ. ಜಾಸ್ತಿ ಇರುವುದು ಎಲ್ಲಿ ಗೊತ್ತಾಗುತ್ತದೆ ಅಂದರೆ, ಮೊನೆ ಕೆಳಗೆ ಬಿಟ್ಟು ನಿಲ್ಲುವ ನಿಲುವಿನಲ್ಲಿ. ಆಲ್ಬರ್ ಎನ್ನುತ್ತಾರೆ ಅದಕ್ಕೆ. ಅಲ್ಲಿಂದ ಎತ್ತುವಾಗ ಮೊನೆ ನೆಲಕ್ಕೆ ತಾಗುತ್ತದೆ. ಜಿಮ್ನಾಸ್ಟಿಕ್ ಹಾಲ್‌ನ ಮರದ ನೆಲಕ್ಕೆ ಗೀರು ಬಿದ್ದರೆ ಅಲ್ಲಿಯ ಮೇಲ್ವಿಚಾರಕರು ಸುಮ್ಮನೆ ಬಿಡುವುದಿಲ್ಲ. ಮೊನೆಗೆ ರಬ್ಬರ್ ಟೋಪಿ ಹಾಕಿಕೊಳ್ಳುವುದೇ ದಾರಿ.

ಪಾಮೆಲ್ ಬಗ್ಗೆ ನನಗೆ ಹೇಳುವುದು ತುಂಬ ಇದೆ. ಕ್ಲಬ್ಬಿನ ಕತ್ತಿಗಳಲ್ಲಿ ಚಕ್ರದ ಆಕಾರದ ಪಾಮೆಲ್ ಇತ್ತು. ನೋಡಲು ಚೆಂದ, ಹಳೇ ಶಿಲ್ಪಗಳಲ್ಲಿರುವ ವೀರರ ಕತ್ತಿಯ ಹಾಗೇ. ಎರಡೂ ಕೈ ಹಿಡಿಯ ಮೇಲೇ ಇದ್ದರೆ ತೊಂದರೆ ಇಲ್ಲ. ಆದರೆ ಎಡಗೈ ಪಾಮೆಲ್ ಮೇಲೆ ಸರಿಯಲೇಬೇಕಾದ ವರಸೆಗಳಿವೆ. ಆಗ ಚಕ್ರದ ಅಂಚು ಅಂಗೈಯ ಬುಡಕ್ಕೆ ಒತ್ತುತ್ತದೆ, ಕಿರುಬೆರಳಿಗೆ ಜಾಗ ಸಿಗುವುದಿಲ್ಲ. ಅದಕ್ಕೆ ನಾನು ಪೇರಲೆ ಆಕಾರದ್ದು ಕೇಳಿ ಹಾಕಿಸಿಕೊಂಡೆ. ಇಡೀ ಕತ್ತಿಯಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಅದೇ. ಅಂಗೈ ಅದರ ಮೇಲೆ ತಿರುಗುತ್ತದೆ, ಒತ್ತುವುದಿಲ್ಲ. 15ನೇ ಶತಮಾನದಲ್ಲಿ ಉದ್ದ ಕತ್ತಿಗಳಿಗೆ ಇಂಥ ಪೇರಲೆ, ಅಂಜೂರದ ಆಕಾರಗಳು ಹೆಚ್ಚಾಗಿ ಬಂದದ್ದು ಬರೀ ಅಲಂಕಾರಕ್ಕಲ್ಲ ಅಂತ ಕೈಯೇ ಹೇಳುತ್ತದೆ.

ಪಾಮೆಲ್ ಬರೀ ಎದುರು ತೂಕ ಅಂತ ತುಂಬ ಜನ ತಿಳಿದಿದ್ದಾರೆ. ತೂಕ ಹಾಕಿ ಸಮ ಮಾಡುವುದೇ ಉದ್ದೇಶವಾದರೆ ದೊಡ್ಡ ಗುಂಡು ಹಾಕಿಬಿಡಬಹುದಿತ್ತು. ಹಾಗೆ ಮಾಡಿದ ಅಗ್ಗದ ಕತ್ತಿಗಳನ್ನು ಹಿಡಿದರೆ ಹಾರೆ ಹಿಡಿದ ಹಾಗಿರುತ್ತದೆ. ಸಮ ನಿಲ್ಲುವ ಜಾಗ ಸರಿಯಾಗೇ ಇರುತ್ತದೆ, ಆದರೆ ತಿರುಗಿಸಲು ಹೋದರೆ ತಿರುಗುವುದಿಲ್ಲ. ಯಾಕೆಂದರೆ ಎರಡೂ ತುದಿಯಲ್ಲಿ ತೂಕ. ಒಳ್ಳೇ ಕತ್ತಿಯಲ್ಲಿ ಅಲಗೇ ಮೊನೆ ಕಡೆಗೆ ತೆಳುವಾಗುತ್ತ ಹೋಗುತ್ತದೆ. ಅಗಲ ಕಡಿಮೆ ಆಗುವುದು ಕಣ್ಣಿಗೆ ಕಾಣುತ್ತದೆ. ದಪ್ಪ ಕಡಿಮೆ ಆಗುವುದು ಫೋಟೋದಲ್ಲಿ ಕಾಣುವುದಿಲ್ಲ. ಬುಡದಲ್ಲಿ ಆರು ಮಿಲಿಮೀಟರ್ ಇದ್ದದ್ದು ಮೊನೆ ಹತ್ತಿರ ಎರಡೂವರೆ, ಮೂರಕ್ಕೆ ಇಳಿಯಬೇಕು. ಆನ್‌ಲೈನ್‌ನಲ್ಲಿ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಇದು. ತೂಕ ಎಷ್ಟು ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ.

ಬಿಗಿಯ ವಿಷಯದಲ್ಲಿ ಮಾತ್ರ ಪಾಮೆಲ್ ತಲೆನೋವು ಕೊಟ್ಟಿದೆ. ಹಳೇ ಕತ್ತಿಗಳಲ್ಲಿ ಅಲಗಿನ ಬಾಲ ಹಿಡಿಯೊಳಗಿಂದ ಹಾದು ಪಾಮೆಲ್‌ನ ಆಚೆ ಬರುತ್ತಿತ್ತು. ಆ ತುದಿಯನ್ನು ಸುತ್ತಿಗೆಯಿಂದ ಬಡಿದು ಅರಳಿಸಿ ಕೂರಿಸುತ್ತಿದ್ದರು. ನನ್ನದರಲ್ಲಿ ಥ್ರೆಡ್ ಕೊಟ್ಟು ನಟ್ ಹಾಕಿದ್ದಾರೆ. ಬಿಚ್ಚಿ ಹಿಡಿ ಬದಲಿಸಬಹುದು ಅನ್ನುವುದು ಅನುಕೂಲ. ಆದರೆ ಸತತ ಹೊಡೆತಕ್ಕೆ ನಟ್ ಸಡಿಲವಾಗುತ್ತದೆ. ಮೊದಲು ಸಣ್ಣ ಟಿಕ್ ಟಿಕ್ ಸದ್ದು, ಆಮೇಲೆ ಅಡ್ಡಪಟ್ಟಿಯೇ ಅಲ್ಲಾಡುತ್ತದೆ. ಥ್ರೆಡ್‌ಗೆ ಅಂಟು ಹಾಕಿ ಬಿಗಿ ಮಾಡಿದ ಮೇಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಒಂದು ತಮಾಷೆ ಹೇಳಬೇಕು. 15ನೇ ಶತಮಾನದ ಗ್ಲಾಡಿಯಟೋರಿಯಾ ಎನ್ನುವ ಹಸ್ತಪ್ರತಿಯಲ್ಲಿ ಪಾಮೆಲ್ ತಿರುಗಿಸಿ ಬಿಚ್ಚಿ ಎದುರಾಳಿಯ ಮೇಲೆ ಎಸೆಯುವ ವರಸೆಯೇ ಇದೆ. ಯಾರ ಕತ್ತಿ ಸಡಿಲವಾದರೂ ಕ್ಲಬ್ಬಿನಲ್ಲಿ ಇದೇ ಜೋಕು.

ವರಸೆಗಳ ಮಟ್ಟಿಗೆ ನಾವು ಕಲಿಯುವುದು ಯೋಹಾನೆಸ್ ಲೀಖ್ಟೆನಾವರ್ ಪರಂಪರೆ. 14ನೇ ಶತಮಾನದ ಗುರು. ಆತನ ಪಾಠ ಒಗಟಿನಂಥ ಪದ್ಯಗಳಲ್ಲಿ ಉಳಿದಿದೆ. ಅದರ ಅತಿ ಹಳೆಯ ವಿವರಣೆ ಎಂದು ಸಾಮಾನ್ಯವಾಗಿ ಹೇಳುವ ಹಸ್ತಪ್ರತಿ ನ್ಯೂರೆಂಬರ್ಗ್‌ನ ಜರ್ಮಾನಿಷೆಸ್ ನ್ಯಾಷನಲ್ ಮ್ಯೂಸಿಯಂನಲ್ಲಿದೆ, ಸಂಖ್ಯೆ 3227ಎ. ಅದೇ ಪುಸ್ತಕದಲ್ಲಿ ಕಬ್ಬಿಣಕ್ಕೆ ಹದ ಕೊಡುವ ವಿಧಾನ, ಔಷಧದ ಪಾಕ ಎಲ್ಲವೂ ಇವೆ. ನಮ್ಮ ಅಜ್ಜಂದಿರ ಕಾಲದ ಕೈಬರಹದ ಪುಸ್ತಕಗಳಲ್ಲೂ ಹೀಗೇ ಅಲ್ವಾ, ಮಂತ್ರದ ಪಕ್ಕ ಕಷಾಯ, ಕಷಾಯದ ಪಕ್ಕ ಸಾಲದ ಲೆಕ್ಕ. ನ್ಯೂರೆಂಬರ್ಗ್‌ಗೂ ಈ ವಿದ್ಯೆಗೂ ನಂಟು ಜಾಸ್ತಿ. ಮಾರ್ಕ್ಸ್‌ಬ್ರೂಡರ್ ಎನ್ನುವ ಕತ್ತಿವರಸೆ ಸಂಘಕ್ಕೆ ಚಕ್ರವರ್ತಿ ಮೂರನೇ ಫ್ರೆಡರಿಕ್ ಸನ್ನದು ಕೊಟ್ಟಿದ್ದು 1487ರಲ್ಲಿ, ಇದೇ ಊರಿನಲ್ಲಿ. ಇಲ್ಲಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1512ರಲ್ಲಿ ಕತ್ತಿವರಸೆ, ಕುಸ್ತಿಯ ಚಿತ್ರಗಳನ್ನು ಬರೆದ.

ಈ ಪರಂಪರೆಯ ವರಸೆಗಳಿಗೆ ನನ್ನ ಕತ್ತಿ ಎಷ್ಟು ಒದಗುತ್ತದೆ? ತ್ಸ್ವೆರ್‌ಹೌ ಎನ್ನುವ ಹೊಡೆತ ತೆಗೆದುಕೊಳ್ಳಿ. ಕೈ ತಲೆಗಿಂತ ಮೇಲೆ, ಅಲಗು ಅಡ್ಡ. ಹೆಬ್ಬೆರಳು ಅಲಗಿನ ಚಪ್ಪಟೆ ಬದಿಗೆ ಒತ್ತಿರುತ್ತದೆ. ಅಲಗು ಗಾಳಿಯಂತ್ರದ ರೆಕ್ಕೆ ತಿರುಗುವ ದಿಕ್ಕಿನಲ್ಲಿ ಅಲ್ಲ, ಸೀಲಿಂಗ್ ಫ್ಯಾನ್ ತಿರುಗುವ ದಿಕ್ಕಿನಲ್ಲಿ ಸುತ್ತುತ್ತದೆ. ಮೇಲಿಂದ ಬರುವ ಹೊಡೆತ ಅಡ್ಡಪಟ್ಟಿಗೆ ಬಡಿದು ನಿಲ್ಲುತ್ತದೆ, ಅದೇ ಹೊತ್ತಿಗೆ ನಮ್ಮ ಅಂಚು ಎದುರಿನವರ ತಲೆ ಪಕ್ಕ. ಉದ್ದ ಹಿಡಿ ಇಲ್ಲದೆ ಇದು ಆಗದು. ನನ್ನ ಕತ್ತಿಯಲ್ಲಿ ಇದು ಸಲೀಸು. ಆದರೆ ಬುಡದ ಆ ಅಗಲ ಭಾಗ ಇದೆಯಲ್ಲ, ಷಿಲ್ಟ್ ಅಂತಾರೆ, ಅದರ ಮೂಲೆ ಹೆಬ್ಬೆರಳಿಗೆ ಚುಚ್ಚುತ್ತಿತ್ತು. ಅರದಿಂದ ಸ್ವಲ್ಪ ಉಜ್ಜಿ ದುಂಡಗೆ ಮಾಡಿಕೊಂಡ ಮೇಲೆ ಸರಿಹೋಯಿತು. ಕುಲುಮೆಯಲ್ಲೇ ಮಾಡಿ ಕಳಿಸಬಹುದಿತ್ತು. 350 ಯೂರೋ ಕೊಟ್ಟಿದ್ದೇವೆ, ಐದು ನಿಮಿಷದ ಕೆಲಸ.

ಇನ್ನು ಈ ಕತ್ತಿ ಎಲ್ಲಿ ಸುಳ್ಳು ಹೇಳುತ್ತದೆ ನೋಡೋಣ. ಮೊದಲನೆಯದು ಅಂಚು. ಕ್ಲಬ್ಬಿನ ಒಬ್ಬರ ಹತ್ತಿರ 15ನೇ ಶತಮಾನದ ಮಾದರಿಯ ಹರಿತವಾದ ಕತ್ತಿ ಇದೆ. ಓಕ್‌ಶಾಟ್ ಲೆಕ್ಕದಲ್ಲಿ ಹದಿನೆಂಟು-ಎ. ಬುಡ ಅಗಲ, ಮೊನೆ ಚೂಪು, ಅಲಗು ಅಡ್ಡ ಸೀಳಿದರೆ ವಜ್ರದ ಆಕಾರ. ಅದರ ಜೊತೆ ಇನ್ನೊಂದು ಹರಿತ ಕತ್ತಿ ಇಟ್ಟು ನಿಧಾನವಾಗಿ ಅಭ್ಯಾಸ ಮಾಡಿಸಿದರು. ಎರಡು ಹರಿತ ಅಂಚು ತಾಗಿದರೆ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಅಲ್ಲೇ ನಿಲ್ಲುತ್ತವೆ. ಆಗ ಎದುರಿನವರು ಒತ್ತುತ್ತಿದ್ದಾರಾ ಸಡಿಲ ಬಿಟ್ಟಿದ್ದಾರಾ ಎಂದು ಉಕ್ಕಿನ ಮೂಲಕ ಕೈಗೆ ತಿಳಿಯುತ್ತದೆ. ಲೀಖ್ಟೆನಾವರ್ ಪಾಠದ ಅರ್ಧ ಭಾಗ ಈ ಕ್ಷಣದ ಬಗ್ಗೆಯೇ ಇದೆ: ಬುಡದ ಗಟ್ಟಿ ಭಾಗದಿಂದ ಎದುರಿನವರ ತುದಿಯ ಮೆತ್ತನೆ ಭಾಗ ಹಿಡಿ, ಒತ್ತಿದರೆ ಬಿಡು, ಬಿಟ್ಟರೆ ಒತ್ತು. ಫೇಡರ್‌ನ ಮೊಂಡು ಅಂಚುಗಳು ಜಾರುತ್ತವೆ. ಕಚ್ಚುವುದಿಲ್ಲ. ಅದಕ್ಕೇ ಬರೀ ಫೇಡರ್‌ನಲ್ಲಿ ಆಡಿದವರು ತಾಗಿದ ಕೂಡಲೇ ಬಿಟ್ಟು ಓಡುವ ಅಭ್ಯಾಸ ಮಾಡಿಕೊಳ್ಳುತ್ತಾರೆ. ಸ್ಪರ್ಧೆಯಲ್ಲಿ ಅದಕ್ಕೆ ಅಂಕ ಸಿಗುತ್ತದೆ. ನನಗೆ ಮಾತ್ರ ಅದು ಅರ್ಧ ಪಾಠ ಅನಿಸುತ್ತದೆ.

ಎರಡನೆಯದು ಬಾಗುವಿಕೆ. ತಿವಿದಾಗ ಎದುರಿನವರಿಗೆ ಪೆಟ್ಟಾಗಬಾರದು ಅಂತ ಫೇಡರ್‌ನ ಮುಂದಿನ ಭಾಗವನ್ನು ಬೇಕೆಂದೇ ತೆಳುವು ಮಾಡುತ್ತಾರೆ. ಮೊನೆ ದುಂಡಗೆ ಮಡಿಸಿರುತ್ತದೆ. ಎದೆಗೆ ತಾಗಿದರೆ ಬಿಲ್ಲಿನ ಹಾಗೆ ಬಾಗುತ್ತದೆ. ಸುರಕ್ಷತೆಗೆ ಇದು ಬೇಕೇ ಬೇಕು, ದೂರು ಇಲ್ಲ. ಆದರೆ ಆ ವಜ್ರದ ಆಕಾರದ ಅಸಲಿ ಅಲಗು ಬಾಗದೆ ಇರಲಿ ಅಂತಲೇ ಮಾಡಿದ್ದು. ತಗಡಿನ ಕವಚವನ್ನು ಕತ್ತಿಯಿಂದ ಕಡಿಯಲು ಆಗುವುದಿಲ್ಲ. ಅಲಗಿನ ನಡುವೆ ಎಡಗೈಯಿಂದ ಹಿಡಿದು, ಗಿಡ್ಡ ಈಟಿಯ ಹಾಗೆ ಕಂಕುಳು, ಮೊಣಕೈ ಒಳಭಾಗ, ಮುಖದ ಸಂದಿಗೆ ತಿವಿಯಬೇಕು. ಅಥವಾ ಕತ್ತಿಯನ್ನೇ ತಿರುಗಾಮುರುಗ ಹಿಡಿದು ಪಾಮೆಲ್, ಅಡ್ಡಪಟ್ಟಿಯಿಂದ ಸುತ್ತಿಗೆಯ ಹಾಗೆ ಬಡಿಯಬೇಕು. ಮೋರ್ಡ್‌ಹೌ ಅಂದರೆ ಅದೇ. ಹನ್ಸ್ ಟಾಲ್‌ಹೋಫರ್‌ನ ಹಸ್ತಪ್ರತಿಗಳ ಚಿತ್ರಗಳಲ್ಲಿ ಇದನ್ನು ನೋಡಬಹುದು. ನನ್ನ ಕತ್ತಿಯಲ್ಲಿ ಈ ಅಧ್ಯಾಯ ಪೂರ್ತಿ ಬಂದ್. ಅಲಗು ನಡುವೆ ಹಿಡಿದರೆ ಮೊನೆ ಓಲಾಡುತ್ತದೆ. ಸುತ್ತಿಗೆ ಹೊಡೆತವನ್ನು ಜೊತೆಗಾರರ ಮೇಲೆ ಯಾರೂ ಮಾಡಲು ಬಿಡುವುದಿಲ್ಲ, ಬಿಡಲೂಬಾರದು.

ಬಾಳಿಕೆ ಚೆನ್ನಾಗಿದೆ. ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು ಬೀಳುತ್ತವೆ, ಮುಳ್ಳಿನ ಹಾಗೆ ಎದ್ದು ನಿಲ್ಲುತ್ತವೆ. ಬಿಟ್ಟರೆ ಬೇರೆಯವರ ಕೈಗವಸು ಹರಿಯುತ್ತದೆ, ಕಚ್ಚಿನ ಬುಡದಿಂದ ಬಿರುಕೂ ಶುರುವಾಗಬಹುದು. ಪ್ರತಿ ಸಲ ಮನೆಗೆ ಬಂದು ಅರ, ಉಪ್ಪುಕಾಗದದಿಂದ ನಯ ಮಾಡುತ್ತೇನೆ. ಚಳಿಗಾಲದಲ್ಲಿ ಇನ್ನೊಂದು ಕಾಟ. ಹೊರಗೆ ಸೊನ್ನೆ ಡಿಗ್ರಿಯಲ್ಲಿ ತಣ್ಣಗಾದ ಉಕ್ಕು ಬೆಚ್ಚಗಿನ ಹಾಲ್ ಒಳಗೆ ಬಂದರೆ ಮೈಯೆಲ್ಲ ಬೆವರುತ್ತದೆ. ಒರೆಸದೆ ಚೀಲಕ್ಕೆ ಹಾಕಿದರೆ ಬೆಳಗ್ಗೆ ಕಂದು ಚುಕ್ಕೆ. ಬ್ಯಾಲಿಸ್ಟಾಲ್ ಎಣ್ಣೆ ತೆಳ್ಳಗೆ ಸವರಿದರೆ ಸಾಕು. ಆಯುಧಪೂಜೆಗೆ ಅರಿಶಿನ ಕುಂಕುಮ ಇಡುವವರು ಅದೇ ಸಂಜೆ ಒರೆಸಿಬಿಡಿ, ದೇವಿ ಬೇಜಾರು ಮಾಡಿಕೊಳ್ಳುವುದಿಲ್ಲ. ಹಿಡಿಯ ಚರ್ಮ ಮಾತ್ರ ಬೇಗ ಸವೆಯಿತು. ಕೆಳಗಿನ ದಾರದ ಸುತ್ತು ಕಾಣುತ್ತಿದೆ. ಅದರ ಮೇಲೆ ಹಾಕಿ ಸ್ಟಿಕ್ಕಿನ ಗ್ರಿಪ್ ಟೇಪ್ ಸುತ್ತಿದ್ದೇನೆ, ಚೆಂದ ಇಲ್ಲ, ಕೆಲಸ ನಡೆಯುತ್ತದೆ.

ಖರ್ಚಿನ ಲೆಕ್ಕ ಹಾಕುವಾಗ ಕತ್ತಿಯದನ್ನು ಮಾತ್ರ ನೋಡಬೇಡಿ. ಮುಖವಾಡ, ಅದರ ಮೇಲೆ ತಲೆಯ ಹಿಂಭಾಗಕ್ಕೆ ಕವಚ, ಕುತ್ತಿಗೆ ಪಟ್ಟಿ, ದಪ್ಪ ಜಾಕೆಟ್, ಭಾರೀ ಕೈಗವಸು. ಎಲ್ಲ ಸೇರಿದರೆ ಕತ್ತಿಯ ಎರಡು ಮೂರು ಪಟ್ಟು ಆಗುತ್ತದೆ. ಕೈಗವಸಿನಲ್ಲಿ ಉಳಿತಾಯ ಮಾಡಲೇಬೇಡಿ, ಈ ಆಟದಲ್ಲಿ ಬೆರಳು ಮುರಿಯುವುದು ಅಪರೂಪ ಅಲ್ಲ. ಈ ಹುಚ್ಚು ಎಲ್ಲಿವರೆಗೆ ಒಯ್ಯಬಹುದು ಅನ್ನುವುದಕ್ಕೆ ಆಗ್ಸ್‌ಬರ್ಗ್‌ನ ಪೌಲಸ್ ಹೆಕ್ಟರ್ ಮೈರ್ ಇದ್ದಾನೆ. ನಗರದ ಅಧಿಕಾರಿ, ಕತ್ತಿವರಸೆ ಹಸ್ತಪ್ರತಿಗಳನ್ನು ಸಂಗ್ರಹಿಸಿದ, ಭರ್ಜರಿ ಚಿತ್ರಗಳ ಹೊಸ ಹಸ್ತಪ್ರತಿಗಳನ್ನೂ ಮಾಡಿಸಿದ. ನಗರದ ಬೊಕ್ಕಸದ ದುಡ್ಡು ನುಂಗಿದ್ದಕ್ಕೆ 1579ರಲ್ಲಿ ಗಲ್ಲಿಗೇರಿಸಿದರು. ಇಂದು ನಾವು ಕಲಿಯುವ ಎಷ್ಟೋ ವಿಷಯ ಅವನ ಪುಸ್ತಕಗಳಿಂದಲೇ ಉಳಿದಿದೆ, ಏನು ಹೇಳುವುದು.

ಸಾಗಾಟದ ಬಗ್ಗೆ ಒಂದು ಮಾತು. ಜರ್ಮನಿಯಲ್ಲಿ ಕತ್ತಿ ಕೈಯಲ್ಲಿ ಹಿಡಿದು ಬೀದಿಯಲ್ಲಿ ಓಡಾಡುವ ಹಾಗಿಲ್ಲ. ಮೊಂಡು ಕತ್ತಿಯನ್ನೂ ನಾನು ಬೀಗ ಹಾಕಿದ ಉದ್ದ ಚೀಲದಲ್ಲೇ ಒಯ್ಯುತ್ತೇನೆ. ರೈಲಿನಲ್ಲಿ ಯಾರಾದರೂ ಕೇಳಿದರೆ ಕ್ರೀಡಾ ಸಾಮಾನು ಎನ್ನುತ್ತೇನೆ, ಸುಳ್ಳೇನಲ್ಲ. ಮನೆಯವರಿಗೆ ಹೇಳುವುದೇ ಕಷ್ಟ. ಅಮ್ಮ ವಿಡಿಯೋ ಕಾಲ್‌ನಲ್ಲಿ ಗೋಡೆ ಮೇಲೆ ನೇತುಹಾಕಿದ್ದನ್ನು ನೋಡಿ "ಏನೇ ಇದು, ಇಷ್ಟೆಲ್ಲ ಓದಿಸಿದ್ದು ಇದಕ್ಕಾ?" ಅಂದರು. "ವ್ಯಾಯಾಮ ಅಮ್ಮ" ಅಂದೆ. "ಹಾಗಾದ್ರೆ ಯೋಗ ಮಾಡ್ಬಹುದಿತ್ತಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮತ್ತೆ ಕೊಳ್ಳುತ್ತೀರಾ ಎಂದರೆ, ಇದೇ ಮಾದರಿ ಕೊಳ್ಳುತ್ತೇನೆ, ಆದರೆ ಗಿಡ್ಡದ್ದು. ಐದಕ್ಕೆ ನಾಲ್ಕು ಸ್ಟಾರ್. ಐದೂವರೆ ಅಡಿಗಿಂತ ಕಡಿಮೆ ಇರುವವರು 120 ಸೆಂ.ಮೀ. ಆಸುಪಾಸಿನದ್ದು ಕೇಳಿ. ಪಾಮೆಲ್ ಸೇರಿ ಹಿಡಿ 26 ಇದ್ದರೂ ಎರಡು ಕೈ ಆರಾಮಾಗಿ ಕೂರುತ್ತದೆ. ಅಲಗಿನ ದಪ್ಪ ಬುಡದಲ್ಲಿ ಎಷ್ಟು, ಮೊನೆ ಹತ್ತಿರ ಎಷ್ಟು ಎಂದು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಷಿಲ್ಟ್ ಮೂಲೆ ದುಂಡಗೆ ಮಾಡಿ ಕಳಿಸಲು ಹೇಳಿ. ಮತ್ತೆ ಆರ್ಡರ್ ಫಾರ್ಮ್‌ನಲ್ಲಿ ಪಾಮೆಲ್ ಆಕಾರ ಕೇಳುವ ಜಾಗ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಚಕ್ರದ್ದೇ ಬರುತ್ತದೆ.